ಬಳಸಿದ ಅಕ್ವೇರಿಯಂ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಿನ ತೊಟ್ಟಿ, ಸ್ಟ್ಯಾಂಡ್, ಫಿಲ್ಟರ್, ಹೀಟರ್, ದೀಪ, ಜಲ್ಲಿ, ಕೆಲವೊಮ್ಮೆ ಮೀನುಗಳೂ ಸೇರಿ ಒಂದೇ ಬೆಲೆಗೆ ಸಿಗುವ ಹಳೆಯ ಸೆಟ್ ಕಂಡಾಗ ಮನಸ್ಸು ತಡೆಯುವುದಿಲ್ಲ. ತಡೆಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಹಣ ಕೊಡುವ ಮೊದಲು ಏನನ್ನು ಮುಟ್ಟಿ ನೋಡಬೇಕು, ಮನೆಗೆ ತಂದ ಮೇಲೆ ಏನನ್ನು ತೊಳೆಯಬೇಕು, ಏನನ್ನು ತೊಳೆಯಲೇಬಾರದು ಎಂಬುದು ಮೊದಲೇ ಗೊತ್ತಿದ್ದರೆ ನಷ್ಟವೂ ಇಲ್ಲ, ಮೀನುಗಳ ಸಾವೂ ಇಲ್ಲ.

ಹೊಸದರ ಬದಲು ಹಳೆಯದನ್ನು ಕೊಂಡರೆ ನಿಜವಾಗಿ ಉಳಿತಾಯವಾಗುತ್ತದೆಯೇ?

ದೊಡ್ಡ ತೊಟ್ಟಿಯಾದರೆ ಖಂಡಿತ ಆಗುತ್ತದೆ. ಗಾಜಿಗೆ ಮುಪ್ಪಿಲ್ಲ. ಮುಪ್ಪಾಗುವುದು ಗಾಜುಗಳನ್ನು ಹಿಡಿದಿಟ್ಟಿರುವ ಸಿಲಿಕೋನ್ ಅಂಟು, ಫಿಲ್ಟರಿನ ರಬ್ಬರ್ ಭಾಗಗಳು, ಹೀಟರಿನ ಥರ್ಮೋಸ್ಟಾಟ್, ನೀರು ಕುಡಿದ ಮರದ ಸ್ಟ್ಯಾಂಡ್. ಹಾಗಾಗಿ ಮಾರುವವರು ಹೇಳಿದ ಬೆಲೆಗೆ ನೀವು ಬದಲಿಸಲೇಬೇಕಾದ ವಸ್ತುಗಳ ಖರ್ಚನ್ನು ಕೂಡಿಸಿ, ಬಂದ ಮೊತ್ತವನ್ನು ಅದೇ ಅಳತೆಯ ಹೊಸ ಸೆಟ್ಟಿನ ಬೆಲೆಯೊಂದಿಗೆ ಹೋಲಿಸಿ. ಹೀಟರ್, ನೀರಿನ ಪರೀಕ್ಷಾ ಕಿಟ್, ಏರ್ ಪಂಪಿನ ಕೊಳವೆ, ಬೇಕಾದರೆ ಹೊಸ ಜಲ್ಲಿ ಇವಿಷ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ.

50 ಲೀಟರಿಗಿಂತ ಚಿಕ್ಕ ತೊಟ್ಟಿಗಳಲ್ಲಿ ಈ ಲೆಕ್ಕ ಹಾಕಿದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ಹಳೆಯದರ ನಿಜವಾದ ಲಾಭವಿರುವುದು 100 ಲೀಟರ್ ಮತ್ತು ಅದಕ್ಕಿಂತ ದೊಡ್ಡ ತೊಟ್ಟಿಗಳಲ್ಲಿ. ಮೊದಲ ಬಾರಿ ಮೀನು ಸಾಕುವವರಿಗೂ ದೊಡ್ಡದೇ ಸುಲಭ. ನೀರು ಹೆಚ್ಚಿದ್ದಷ್ಟೂ ಅದರ ಉಷ್ಣತೆಯೂ ಗುಣವೂ ನಿಧಾನವಾಗಿ ಬದಲಾಗುತ್ತವೆ. ತಪ್ಪಾದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ನೀರು, ಮೀನು ಇರುವ ತೊಟ್ಟಿ ಒಳ್ಳೆಯದೋ, ಒಣಗಿಸಿ ಇಟ್ಟಿರುವುದೋ?

ಆಯ್ಕೆಯಿದ್ದರೆ ನೀರು ತುಂಬಿ ಓಡುತ್ತಿರುವ ತೊಟ್ಟಿಯನ್ನೇ ಆರಿಸಿ. ಮುಂದಿನ ಬಹುತೇಕ ಉತ್ತರಗಳು ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಓಡುತ್ತಿರುವ ತೊಟ್ಟಿ ಏನನ್ನೂ ಬಚ್ಚಿಡುವುದಿಲ್ಲ. ಸೋರುತ್ತಿಲ್ಲ ಎಂಬುದು ಕಣ್ಣೆದುರೇ ಇರುತ್ತದೆ. ಪಂಪಿನ ಸದ್ದು ಕೇಳಬಹುದು, ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ಥರ್ಮಾಮೀಟರ್ ಹೇಳುತ್ತದೆ, ಮೀನುಗಳ ಉಸಿರಾಟ ಮತ್ತು ಚಲನೆಯಿಂದ ನೀರಿನ ಸ್ಥಿತಿ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಂಥ ತೊಟ್ಟಿಯ ಫಿಲ್ಟರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಅದು ಇಡೀ ಸೆಟ್ಟಿನಲ್ಲೇ ಅತ್ಯಂತ ಬೆಲೆಬಾಳುವ ವಸ್ತು, ಆದರೆ ಮಾರುವವರ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ.

ಒಣಗಿದ ತೊಟ್ಟಿಯನ್ನು ಕೊಳ್ಳಬಾರದು ಎಂದಲ್ಲ. ಅದನ್ನು ಬರಿಯ ಗಾಜಿನ ಪೆಟ್ಟಿಗೆ ಎಂದು ಬೆಲೆ ಕಟ್ಟಿ, ಉಳಿದದ್ದೆಲ್ಲ ಕೆಟ್ಟಿರಬಹುದು ಎಂಬ ಎಚ್ಚರದಲ್ಲಿ ಕೊಳ್ಳಿ.

ಮಾರುವವರನ್ನು ಏನೇನು ಕೇಳಬೇಕು?

ತೊಟ್ಟಿಗೆ ಎಷ್ಟು ವರ್ಷವಾಯಿತು, ನೀರಿಲ್ಲದೆ ಎಷ್ಟು ಕಾಲ ಇತ್ತು, ಎಂದಾದರೂ ಸೋರಿತ್ತೇ, ಯಾರಾದರೂ ಅಂಟು ಹಾಕಿ ಸರಿಪಡಿಸಿದ್ದರೇ, ಅದರಲ್ಲಿ ಸಿಹಿನೀರಿನ ಮೀನುಗಳಿದ್ದವೇ ಸಮುದ್ರದ ಮೀನುಗಳೇ, ಕೊನೆಯದಾಗಿ ಮೀನು ಸತ್ತದ್ದು ಯಾವಾಗ, ಯಾವ ಔಷಧಿ ಹಾಕಿದ್ದರು, ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಿದ್ದರು.

ಕೊನೆಯ ಎರಡು ಪ್ರಶ್ನೆಗಳನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ಮೀನುಗಳ ಜೀವ ಉಳಿಸುವುದು ಆ ಉತ್ತರಗಳೇ. ಔಷಧಿಯ ಹೆಸರು ನೆನಪಿಲ್ಲ ಎಂದರೆ ಬಾಟಲಿ ಉಳಿದಿದೆಯೇ ಎಂದು ಕೇಳಿ; ತಾಮ್ರವಿರುವ ಔಷಧಿ ಹೌದೋ ಅಲ್ಲವೋ ತಿಳಿದುಕೊಳ್ಳುವುದು ಮುಖ್ಯ. ಏಕೆ ಮಾರುತ್ತಿದ್ದೀರಿ ಎಂದೂ ಕೇಳಿ. ಮೀನುಗಳು ಒಂದರ ಹಿಂದೊಂದು ಸಾಯುತ್ತಿದ್ದವು, ಬೇಸರವಾಯಿತು ಎಂಬ ಉತ್ತರ ಬಂದರೆ ತೊಟ್ಟಿಯನ್ನು ಸೋಂಕು ತಗುಲಿದ್ದೆಂದೇ ತಿಳಿದು ನಡೆದುಕೊಳ್ಳಿ.

ಗಾಜಿನಲ್ಲಿ ಏನನ್ನು ನೋಡಬೇಕು?

ಮೊಬೈಲಿನ ಟಾರ್ಚನ್ನು ಗಾಜಿಗೆ ತಾಗುವಂತೆ ಓರೆಯಾಗಿ ಹಿಡಿದು ಪ್ರತಿಯೊಂದು ಬದಿಯ ಮೇಲೂ ನಿಧಾನವಾಗಿ ಸರಿಸಿ. ನೇರ ಬೆಳಕಿನಲ್ಲಿ ಕಾಣದ ಗೀರುಗಳು ಆಗ ಎದ್ದು ಕಾಣುತ್ತವೆ. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬರಿಯ ಅಂದದ ಮಾತು. ಸಿಕ್ಕಿಕೊಂಡರೆ ಆಳವಾದದ್ದು, ಗಾಜಿನ ಅಂಥ ಗೀರನ್ನು ಮನೆಯಲ್ಲಿ ಉಜ್ಜಿ ತೆಗೆಯಲು ಆಗುವುದಿಲ್ಲ. ಅಕ್ರಿಲಿಕ್ ತೊಟ್ಟಿಯಾದರೆ ಬೇಗ ಗೀರು ಬೀಳುತ್ತದೆ, ಆದರೆ ಪಾಲಿಶ್ ಮಾಡಿ ತೆಗೆಯಬಹುದು.

ಮೂಲೆಗಳನ್ನೂ ತಳದ ಅಂಚುಗಳನ್ನೂ ಬೆರಳಿನಿಂದ ಸವರಿ ನೋಡಿ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಅದು ಅಂಟಿನ ಒಳಗಿನವರೆಗೂ ಹೋಗಿದೆಯೇ ಎಂದು ಗಮನಿಸಿ. ಬಿರುಕು ಎಷ್ಟೇ ಚಿಕ್ಕದಿರಲಿ, ಆ ತೊಟ್ಟಿ ಬೇಡ. ಬಿರುಕಿನ ಮೇಲೆ ಇನ್ನೊಂದು ಗಾಜಿನ ತುಂಡು ಅಂಟಿಸಿ ಸರಿಪಡಿಸಿದ್ದೇವೆ ಎನ್ನುವವರಿರುತ್ತಾರೆ. ಮನೆಯೊಳಗೆ ನೂರಾರು ಲೀಟರ್ ನೀರನ್ನು ನಾನು ಅಂಥ ತೇಪೆಯ ಮೇಲೆ ನಂಬಿ ಬಿಡಲಾರೆ.

ಕೆಲವು ತೊಟ್ಟಿಗಳಲ್ಲಿ ಮೇಲ್ಭಾಗದಲ್ಲಿ ಮುಂದಿನಿಂದ ಹಿಂದಕ್ಕೆ ಅಡ್ಡಪಟ್ಟಿ ಇರುತ್ತದೆ. ಅದು ಮುಚ್ಚಳ ಇಡುವುದಕ್ಕಷ್ಟೇ ಇರುವುದಲ್ಲ, ನೀರಿನ ಒತ್ತಡಕ್ಕೆ ಗಾಜು ಹೊರಬಾಗದಂತೆ ಹಿಡಿದಿಡುತ್ತದೆ. ಪಟ್ಟಿ ಮುರಿದಿದ್ದರೆ, ಅಥವಾ ಇದ್ದ ಪಟ್ಟಿಯನ್ನು ಯಾರೋ ತೆಗೆದ ಗುರುತಿದ್ದರೆ ನೀರು ತುಂಬಿಸಬೇಡಿ. ಗಾಜಿನ ಮೇಲಿನ ಒತ್ತಡ ನೀರಿನ ಎತ್ತರವನ್ನು ಅವಲಂಬಿಸಿದೆ, ಗಾಜು ಎಷ್ಟು ಬಾಗುತ್ತದೆ ಎಂಬುದು ಉದ್ದವನ್ನೂ ಅವಲಂಬಿಸಿದೆ. ಎತ್ತರವೂ ಉದ್ದವೂ ಇರುವ ತೊಟ್ಟಿಯ ಗಾಜು ತೆಳುವಾಗಿ ಕಂಡರೆ ಅಳತೆಪಟ್ಟಿಯಿಂದ ದಪ್ಪ ಅಳೆದು, ಅದೇ ಅಳತೆಯ ಹೊಸ ತೊಟ್ಟಿಯ ಗಾಜಿನೊಂದಿಗೆ ಹೋಲಿಸಿ.

ಅಂಟು ಗಟ್ಟಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಸಿಲಿಕೋನ್ ಎರಡು ಕಡೆ ಇರುತ್ತದೆ. ಎರಡು ಗಾಜುಗಳ ನಡುವೆ ಇರುವುದು ಭಾರ ಹೊರುವ ಅಂಟು. ಒಳಮೂಲೆಗಳಲ್ಲಿ ಎಳೆಯಂತೆ ಕಾಣುವುದು ಆ ಬೆಸುಗೆಯನ್ನು ಕಾಯುವ ಹೊದಿಕೆ. ಒಳಗಿನ ಹೊದಿಕೆ ಅಲ್ಲಲ್ಲಿ ಕಿತ್ತಿದ್ದರೆ ಅದನ್ನು ಹೊಸದಾಗಿ ಹಾಕಬಹುದು. ಗಾಜುಗಳ ನಡುವಿನ ಅಂಟಿನಲ್ಲಿ ಗುಳ್ಳೆಗಳ ಸಾಲು, ಬಿಳಿಚಿದ ತೇಪೆ ಅಥವಾ ಅಂಟು ಗಾಜನ್ನು ಬಿಟ್ಟಿರುವ ಹೊಳಪು ಕಂಡರೆ ಬೆಸುಗೆ ಸಡಿಲವಾಗುತ್ತಿದೆ ಎಂದರ್ಥ.

ಸಿಲಿಕೋನಿನ ಅಡಿಯಲ್ಲಿ ಪಾಚಿ ಬೆಳೆದಿದೆಯೇ ನೋಡಿ. ಮೇಲೆ ಕುಳಿತ ಪಾಚಿ ಉಜ್ಜಿದರೆ ಹೋಗುತ್ತದೆ. ಅಡಿಯಲ್ಲಿ ಹಸಿರು ಕಂಡರೆ ನೀರು ಅಲ್ಲಿಗೆ ದಾರಿ ಮಾಡಿಕೊಂಡಿದೆ. ಉಗುರಿನಿಂದ ಒತ್ತಿದಾಗ ಅಂಟು ರಬ್ಬರಿನಂತೆ ಮಣಿದು ಮತ್ತೆ ಮೊದಲಿನಂತಾಗಬೇಕು. ಗಡುಸಾಗಿ ಪುಡಿಯಾದರೆ ಅಥವಾ ಅಂಟಂಟಾಗಿ ಕೈಗೆ ಬಂದರೆ ಆ ಬೆಸುಗೆಯ ಆಯಸ್ಸು ಮುಗಿದಿದೆ.

ಕೊಳ್ಳುವ ಮೊದಲೇ ಸೋರಿಕೆ ಪರೀಕ್ಷಿಸಬಹುದೇ?

ಮಾರುವವರು ಒಪ್ಪಿದರೆ ಹಿಂದಿನ ದಿನವೇ ನೀರು ತುಂಬಿಸಿಡಲು ಕೇಳಿ. ಒಪ್ಪದಿದ್ದರೆ ಸೋರಿದರೆ ಹಣ ವಾಪಸ್ಸು ಎಂಬ ಮಾತನ್ನಾದರೂ ಪಡೆದು ಮನೆಯಲ್ಲಿ ಪರೀಕ್ಷಿಸಿ.

ನೀರು ಚೆಲ್ಲಿದರೂ ತೊಂದರೆಯಾಗದ ಜಾಗದಲ್ಲಿ ಸಮತಟ್ಟಾದ ನೆಲದ ಮೇಲೆ ತೊಟ್ಟಿಯನ್ನಿಡಿ. ನೆಲ ಉಬ್ಬುತಗ್ಗಾಗಿದ್ದರೆ ಪರೀಕ್ಷೆಯೇ ತೊಟ್ಟಿಯನ್ನು ಒಡೆಯುತ್ತದೆ. ತಳದ ಸುತ್ತ ಒಣ ವೃತ್ತಪತ್ರಿಕೆ ಹಾಸಿ. ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಲೆ ಕಾಣುತ್ತದೆ. ಮೊದಲು ಮೂರನೆಯ ಒಂದು ಭಾಗ ತುಂಬಿಸಿ ಒಂದೆರಡು ಗಂಟೆ ಕಾಯಿರಿ, ಆಮೇಲೆ ಮೂರನೆಯ ಎರಡು ಭಾಗ, ನಂತರ ಪೂರ್ತಿ. ಪೂರ್ತಿ ತುಂಬಿದ ಮೇಲೆ ನೀರಿನ ಮಟ್ಟಕ್ಕೆ ಹೊರಗಿನಿಂದ ಟೇಪು ಅಂಟಿಸಿ 48 ಗಂಟೆ ಬಿಡಿ. ಮಟ್ಟ ಕೂದಲೆಳೆಯಷ್ಟು ಇಳಿದರೆ ಅದು ಆವಿಯಾದ ನೀರು. ಕಾಗದ ಒದ್ದೆಯಾದರೆ ಸೋರಿಕೆ. ನೀರು ತಣ್ಣಗಿದ್ದು ಗಾಳಿ ತೇವವಾಗಿದ್ದರೆ ಹೊರಗಾಜಿನ ಮೇಲೆ ಮಂಜುಹನಿ ಕಟ್ಟಿ ಇಳಿಯುವುದೂ ಉಂಟು. ಒರೆಸಿದ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒಸರುತ್ತಿದೆಯೇ ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಸೋರುವ ತೊಟ್ಟಿಯನ್ನು ಕಡಿಮೆ ಬೆಲೆಗೆ ಕೊಂಡು ಸರಿಪಡಿಸಬಹುದೇ?

ಬಹುದು, ಗಾಜು ಪೂರ್ತಿ ಚೆನ್ನಾಗಿದ್ದು ನಿಮಗೆ ತಾಳ್ಮೆಯಿದ್ದರೆ. ಹೊಸ ಸಿಲಿಕೋನ್ ಹಳೆಯ ಸಿಲಿಕೋನಿಗೆ ಸರಿಯಾಗಿ ಅಂಟುವುದಿಲ್ಲ. ಆದ್ದರಿಂದ ಸೋರುವ ಜಾಗಕ್ಕಷ್ಟೇ ಸ್ವಲ್ಪ ಬಳಿದರೆ ಪ್ರಯೋಜನವಿಲ್ಲ. ಒಳಗಿನ ಹೊದಿಕೆಯನ್ನೆಲ್ಲ ಬ್ಲೇಡಿನಿಂದ ಕೆರೆದು, ಗಾಜನ್ನು ಆಲ್ಕೊಹಾಲ್ ಅಥವಾ ಅಸಿಟೋನಿನಿಂದ ಒರೆಸಿ, ಎಲ್ಲ ಮೂಲೆಗಳಿಗೂ ಒಂದೇ ಸಲಕ್ಕೆ ಹೊಸದಾಗಿ ಹಾಕಬೇಕು. ಅಕ್ವೇರಿಯಂಗೆ ಯೋಗ್ಯವೆಂದು ಬರೆದಿರುವ ಸಿಲಿಕೋನನ್ನೇ ಕೊಳ್ಳಿ. ಸ್ನಾನಗೃಹಕ್ಕೆಂದು ಮಾರುವವುಗಳಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ, ಅದು ಮೀನಿಗೆ ವಿಷ. ಸಿಲಿಕೋನ್ ಒಣಗುವಾಗ ಬರುವ ವಿನೆಗರಿನಂಥ ವಾಸನೆ ಸಂಪೂರ್ಣ ಹೋಗುವವರೆಗೆ, ಒಂದು ವಾರವಾದರೂ, ಒಣಗಲು ಬಿಟ್ಟು ಆಮೇಲೆ ನೀರು ತುಂಬಿಸಿ ಪರೀಕ್ಷಿಸಿ.

ಗಾಜುಗಳ ನಡುವಿನ ಅಂಟೇ ಸೋತಿದ್ದರೆ ತೊಟ್ಟಿಯನ್ನು ಪೂರ್ತಿ ಬಿಚ್ಚಿ ಕಟ್ಟಬೇಕು. ಅದು ಅನುಭವಿಗಳ ಕೆಲಸ. ಮೊದಲ ತೊಟ್ಟಿಯಾಗಿ ಅಂಥದ್ದನ್ನು ಕೊಳ್ಳಬೇಡಿ.

ಸ್ಟ್ಯಾಂಡ್ ಹಳೆಯದಾದರೆ ತೊಂದರೆಯೇ? ಮನೆಯಲ್ಲಿರುವ ಮೇಜಿನ ಮೇಲೆ ಇಡಬಹುದೇ?

ಮೊದಲು ತೂಕ ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 90×45×45 ಅಳತೆಯ ತೊಟ್ಟಿಯಲ್ಲಿ ಸುಮಾರು 182 ಲೀಟರ್ ಹಿಡಿಯುತ್ತದೆ, ಅಂದರೆ ನೀರೊಂದೇ 182 ಕಿಲೋ. ಗಾಜು 8 ಮಿಲಿಮೀಟರಿನದಾದರೆ ಅದಕ್ಕೆ 30 ಕಿಲೋಗಿಂತ ಹೆಚ್ಚು, ಜಲ್ಲಿಗೆ ಇನ್ನೊಂದು 20 ಕಿಲೋ. ಒಟ್ಟು 230 ಕಿಲೋ ಭಾರ ಹಗಲೂ ರಾತ್ರಿ ಒಂದೇ ಜಾಗದಲ್ಲಿ ಕುಳಿತಿರುತ್ತದೆ. ಬರೆಯುವ ಮೇಜು, ಟಿವಿ ಇಡುವ ಕಪಾಟು ಇದಕ್ಕೆ ಮಾಡಿದವುಗಳಲ್ಲ.

ಹಳೆಯ ಸ್ಟ್ಯಾಂಡ್ ಮರದ ಪುಡಿಯ ಹಲಗೆಯದಾದರೆ ತಳದ ಅಂಚುಗಳು ಉಬ್ಬಿವೆಯೇ ನೋಡಿ. ಒಮ್ಮೆ ನೀರು ಕುಡಿದು ಉಬ್ಬಿದ ಹಲಗೆ ಮತ್ತೆ ಶಕ್ತಿ ಪಡೆಯುವುದಿಲ್ಲ. ಕಬ್ಬಿಣದ್ದಾದರೆ ಬೆಸುಗೆ ಹಾಕಿದ ಕಡೆಗಳಲ್ಲಿ ತುಕ್ಕನ್ನು ಕೆರೆದು ನೋಡಿ. ಕೈಯಿಂದ ಓರೆಯಾಗಿ ತಳ್ಳಿದಾಗ ಅಲುಗಬಾರದು. ಇಟ್ಟ ಮೇಲೆ ಉದ್ದಕ್ಕೂ ಅಗಲಕ್ಕೂ ರಸಮಟ್ಟ ಹಿಡಿದು ಸಮತಟ್ಟು ಮಾಡಿಕೊಳ್ಳಿ. ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ಚೌಕಟ್ಟಿಲ್ಲದ ತೊಟ್ಟಿಯಾದರೆ ಅಡಿಗೆ ಫೋಮ್ ಹಾಸು ಬೇಕು. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟಿದ್ದು ಗಾಜು ಮೇಲೆತ್ತಿ ನಿಂತಿದ್ದರೆ ಫೋಮ್ ಹಾಕಬಾರದು. ಆ ತೊಟ್ಟಿಯ ಭಾರ ಅಂಚುಗಳ ಮೇಲೆಯೇ ಇಳಿಯಬೇಕು.

ಫಿಲ್ಟರಿನ ಸ್ಪಂಜು ತುಂಬಾ ಕೊಳಕಾಗಿದೆ. ಚೆನ್ನಾಗಿ ತೊಳೆದುಬಿಡಲೇ?

ಓಡುತ್ತಿರುವ ತೊಟ್ಟಿಯದ್ದಾದರೆ, ಮೀನುಗಳು ಆರೋಗ್ಯವಾಗಿದ್ದರೆ, ದಯವಿಟ್ಟು ನಲ್ಲಿಯ ಕೆಳಗೆ ತೊಳೆಯಬೇಡಿ. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಮೀನು ಉಸಿರಾಡುವಾಗ ಕಿವಿರುಗಳಿಂದ ಅಮೋನಿಯಾ ಹೊರಬರುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ನೈಟ್ರೋಸ್ಪೈರಾದಂಥ ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಬಹುಮಟ್ಟಿಗೆ ನಿರುಪದ್ರವಿ, ನೀರು ಬದಲಿಸಿದಾಗ ಹೊರಹೋಗುತ್ತದೆ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಸೆರಾಮಿಕ್ ಉಂಗುರ, ಜಲ್ಲಿಗಳಿಗೆ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಳೆಯ ಸ್ಪಂಜಿನಲ್ಲಿ ಆ ವಾರಗಳ ಕೆಲಸ ಆಗಲೇ ಮುಗಿದಿರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಂದುಹಾಕುತ್ತದೆ.

ಹಾಗಾದರೆ ಮಾಡಬೇಕಾದದ್ದು: ಅದೇ ತೊಟ್ಟಿಯ ನೀರನ್ನು ಬಕೆಟ್ಟಿಗೆ ತೆಗೆದುಕೊಂಡು ಅದರಲ್ಲಿ ಸ್ಪಂಜನ್ನು ಒಂದೆರಡು ಬಾರಿ ಹಿಂಡಿ. ಕಸರು ಬಿಟ್ಟುಕೊಂಡರೆ ಸಾಕು, ಬೆಳ್ಳಗಾಗಬೇಕಿಲ್ಲ. ನಂತರ ತೊಟ್ಟಿಯ ನೀರಿರುವ ತೆರೆದ ಡಬ್ಬಿಯಲ್ಲಿಟ್ಟು ಸಾಗಿಸಿ. ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು. ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರನ್ನು ನೀರು ತುಂಬಿದಂತೆಯೇ ಗಂಟೆಗಟ್ಟಲೆ ನಿಲ್ಲಿಸಿಟ್ಟರೆ ಒಳಗೆ ಆಮ್ಲಜನಕ ತೀರಿ ಅವು ಸಾಯತೊಡಗುತ್ತವೆ. ಹಾಗೆ ಕೊಳೆತ ನೀರನ್ನು ಹೊಸ ಜಾಗದಲ್ಲಿ ತೊಟ್ಟಿಗೆ ಹಾಯಿಸಿದರೆ ಮೀನುಗಳಿಗೆ ಅಪಾಯ. ಮನೆ ತಲುಪಿದ ಕೂಡಲೇ ಮೊದಲು ಫಿಲ್ಟರನ್ನು ಓಡಿಸಿ, ಅಲಂಕಾರವೆಲ್ಲ ಆಮೇಲೆ.

ಯಂತ್ರದ ಭಾಗವನ್ನೂ ನೋಡಬೇಕಲ್ಲ. ತಿರುಗುವ ಪಂಖವನ್ನು ಹೊರತೆಗೆದು ಅದರ ಕಡ್ಡಿ ನೆಟ್ಟಗಿದೆಯೇ, ರೆಕ್ಕೆ ಮುರಿದಿದೆಯೇ ಪರೀಕ್ಷಿಸಿ. ಕಟಕಟ ಸದ್ದಿಗೆ ಕಾರಣ ಹೆಚ್ಚಾಗಿ ಅದೇ, ಬಿಡಿಭಾಗ ಸಿಕ್ಕರೆ ಸುಲಭವಾಗಿ ಬದಲಿಸಬಹುದು. ಕ್ಯಾನಿಸ್ಟರಿನ ಮುಚ್ಚಳದಡಿಯ ರಬ್ಬರ್ ಉಂಗುರ ಒಣಗಿ ಚಪ್ಪಟೆಯಾಗಿದ್ದರೆ ಹೊಸದನ್ನು ಹಾಕಿ. ಮೃದುವಾಗಿದ್ದರೆ ಸಿಲಿಕೋನ್ ಗ್ರೀಸ್ ಸವರಿ. ಬಿಡಿಭಾಗಗಳು ಎಲ್ಲೂ ಸಿಗದ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬೆಲೆ ಕೊಡಬೇಡಿ.

ಹಳೆಯ ಹೀಟರ್ ಕೆಲಸ ಮಾಡುತ್ತಿದೆ. ಬಳಸಬಹುದೇ?

ನನ್ನ ಸಲಹೆ: ಬೇಡ. ಹೀಟರ್ ಕೆಟ್ಟುಹೋಗುವ ಬಗೆ ಎರಡು. ಕಾಯದೆ ಹೋದರೆ ನೀರು ನಿಧಾನವಾಗಿ ತಣ್ಣಗಾಗುತ್ತದೆ, ನೀವು ಗಮನಿಸುವಷ್ಟು ಸಮಯ ಸಿಗುತ್ತದೆ. ಆದರೆ ಥರ್ಮೋಸ್ಟಾಟ್ ಅಂಟಿಕೊಂಡು ಕಾಯುತ್ತಲೇ ಉಳಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಮೀನುಗಳೂ ಸಾಯುತ್ತವೆ. ವಯಸ್ಸಾದಂತೆ ಎರಡನೆಯ ಅಪಾಯ ಹೆಚ್ಚುತ್ತದೆ. ಗಾಜಿನ ಕೊಳವೆಯೊಳಗೆ ತೇವದ ಮಂಜು ಕಂಡರೆ ಅದು ವಿದ್ಯುತ್ ಅಪಾಯವೂ ಹೌದು. ಹೊಸದನ್ನು ಕೊಳ್ಳುವಾಗ ಲೀಟರಿಗೆ ಸುಮಾರು 1 ವ್ಯಾಟ್ ಎಂಬ ಲೆಕ್ಕ ಸಾಕು. ಬಿಸಿ ಪ್ರದೇಶದಲ್ಲಿ ಅದೂ ಬೇಕಾಗುವುದಿಲ್ಲ.

ನೀರು ಬದಲಿಸುವ ಮೊದಲು ಹೀಟರಿನ ಪ್ಲಗ್ ತೆಗೆದು ಆರಲು ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಗಾಜು ಸಿಡಿಯುತ್ತದೆ.

ಉಳಿದ ವಿದ್ಯುತ್ ಉಪಕರಣಗಳಲ್ಲಿ ಏನು ಪರೀಕ್ಷಿಸಬೇಕು?

ತಂತಿಯನ್ನು ಉದ್ದಕ್ಕೂ ಬಾಗಿಸಿ ನೋಡಿ, ಹೊದಿಕೆ ಬಿರಿದಿದ್ದರೆ ಅಥವಾ ಟೇಪು ಸುತ್ತಿದ್ದರೆ ಬಳಸಬೇಡಿ. ಪ್ಲಗ್ಗಿನ ಕಾಲುಗಳಲ್ಲಿ ಹಸಿರು ಕಿಲುಬು, ಸುಟ್ಟ ಕಲೆ ಇದ್ದರೂ ಅಷ್ಟೆ. ಪ್ರತಿಯೊಂದು ತಂತಿಯೂ ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಜೋಡಿಸಿದರೆ ತಂತಿಯಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ತಲುಪುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ತಾನೇ ಸಂಪರ್ಕ ಕಡಿಯುವ ಸ್ವಿಚ್) ಇರುವ ಸಂಪರ್ಕಕ್ಕೆ ಜೋಡಿಸುವುದು ಅತ್ಯಗತ್ಯ; ನೀರಿಗೆ ವಿದ್ಯುತ್ ಸೋರಿದರೆ ನಿಮ್ಮ ಜೀವ ಉಳಿಸುವುದು ಅದೇ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಕೊಳವೆಗೆ ನೀರು ಹಿಮ್ಮರಳದಂತೆ ತಡೆಯುವ ವಾಲ್ವ್ ಹಾಕಿ.

ದೀಪ?

ಮೀನುಗಳಿಗಷ್ಟೇ ಆದರೆ ಉರಿದರೆ ಸಾಕು. ಗಿಡ ಬೆಳೆಸುವುದಾದರೆ ಹಳೆಯ ಟ್ಯೂಬ್ ದೀಪಗಳ ಬೆಳಕು ಕುಂದಿರುತ್ತದೆ, ಟ್ಯೂಬ್ ಬದಲಿಸಬೇಕು. ಆ ಹಣಕ್ಕೆ ಹೊಸ ಎಲ್‌ಇಡಿ ದೀಪ ಕೊಳ್ಳುವುದೇ ಮೇಲು.

ಜೊತೆಗೆ ಬಂದ ಜಲ್ಲಿ, ಕಲ್ಲು, ಕೊರಡುಗಳನ್ನು ಏನು ಮಾಡಲಿ?

ಹಳೆಯ ಜಲ್ಲಿಯ ಅಡಿಯಲ್ಲಿ ವರ್ಷಗಳ ಕಸರು ಕುಳಿತಿರುತ್ತದೆ. ಮೀನುಗಳಿರುವಾಗಲೇ ಅದನ್ನು ಕೆದಕಿದರೆ ನೀರು ಒಮ್ಮೆಲೇ ಕೆಡುತ್ತದೆ. ದಪ್ಪ ಮರಳಿನ ಅಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಮೀನುಗಳನ್ನು ಹೊರತೆಗೆದ ಮೇಲೆಯೇ ಮುಟ್ಟಿ. ತಂದ ಜಲ್ಲಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ಬಳಸಬಹುದು. ಅದರಲ್ಲಿದ್ದ ಬ್ಯಾಕ್ಟೀರಿಯಾ ನಷ್ಟವಾಗುತ್ತದೆ, ಫಿಲ್ಟರಿನದು ಉಳಿದಿದ್ದರೆ ಅದರಿಂದ ಹಾನಿಯಿಲ್ಲ.

ತಾಮ್ರದ ಔಷಧಿ ಬಳಸಿದ್ದ ತೊಟ್ಟಿಯಾದರೆ ಮಾತು ಬೇರೆ. ಸುಣ್ಣಕಲ್ಲು, ಹವಳದ ಪುಡಿ, ಜಲ್ಲಿಗಳು ತಾಮ್ರವನ್ನು ಹೀರಿಕೊಂಡು ಮುಂದೆ ಸ್ವಲ್ಪಸ್ವಲ್ಪವೇ ಬಿಡಬಲ್ಲವು. ಮೀನುಗಳು ತಡೆದುಕೊಳ್ಳುವ ಪ್ರಮಾಣದಲ್ಲೂ ಸೀಗಡಿ, ಬಸವನಹುಳುಗಳು ಸಾಯುತ್ತವೆ. ಅವುಗಳನ್ನು ಸಾಕುವ ಆಸೆಯಿದ್ದರೆ ಹಳೆಯ ಜಲ್ಲಿ, ಕಲ್ಲುಗಳನ್ನು ಬಿಟ್ಟುಬಿಡಿ, ತೊಟ್ಟಿಯಲ್ಲಿ ನೀರು ನಿಲ್ಲಿಸಿ ತಾಮ್ರದ ಪರೀಕ್ಷಾ ಕಿಟ್ಟಿನಿಂದ ನೋಡಿ.

ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಹಾಕಿದಾಗ ನೊರೆಯೆದ್ದರೆ ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ. ಕೆಲವು ಮೀನುಗಳಿಗೆ ಅದೇ ಬೇಕು, ಹಲವಕ್ಕೆ ಬೇಡ.

ಬರಿದಾದ ತೊಟ್ಟಿಯನ್ನು ಯಾವುದರಿಂದ ಸ್ವಚ್ಛಗೊಳಿಸಬೇಕು?

ಸೋಪು, ಪಾತ್ರೆ ತೊಳೆಯುವ ದ್ರವ, ಗಾಜು ಒರೆಸುವ ಸ್ಪ್ರೇ ಯಾವುದೂ ಬೇಡ. ಅವುಗಳ ಅಂಶ ಉಳಿದರೆ ಕಿವಿರುಗಳಿಗೆ ಹಾನಿ. ಬಿಳಿ ಉಪ್ಪುಕಲೆಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿಟ್ಟು, ಹಳೆಯ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಬ್ಲೇಡ್ ಸಿಲಿಕೋನಿಗೆ ತಾಗದಿರಲಿ.

ಹಿಂದಿನ ಕತೆ ಗೊತ್ತಿಲ್ಲದ ತೊಟ್ಟಿಗೆ ಬ್ಲೀಚ್ ಬೇಕು. ಸುವಾಸನೆ ಬೆರೆಸದ ಬ್ಲೀಚಿನ ಒಂದು ಪಾಲಿಗೆ ಇಪ್ಪತ್ತು ಪಾಲು ನೀರು ಸೇರಿಸಿ 15ರಿಂದ 20 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು, ಕ್ಲೋರಿನ್ ನಿವಾರಕ ಬೆರೆಸಿದ ನೀರು ತುಂಬಿಸಿ ಚೆಲ್ಲಿ, ವಾಸನೆ ಹೋಗುವವರೆಗೆ ಒಣಗಿಸಿ. ವಿನೆಗರ್ ಹಾಗೂ ಬ್ಲೀಚನ್ನು ಎಂದೂ ಬೆರೆಸಬೇಡಿ, ಒಂದರ ಬೆನ್ನಿಗೇ ಇನ್ನೊಂದನ್ನು ತೊಳೆಯದೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ.

ಹಳೆಯ ತೊಟ್ಟಿಯಿಂದ ರೋಗ ಬರುತ್ತದೆಯೇ?

ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಮೂಡಿಸುವ ಇಕ್ ಎಂಬ ಪರೋಪಜೀವಿ ಮೀನಿಲ್ಲದೆ ಬಹಳ ಕಾಲ ಬದುಕುವುದಿಲ್ಲ, ಸಂಪೂರ್ಣ ಒಣಗಿದರೆ ಸಾಯುತ್ತದೆ. ಒಣಗಿದ ತೊಟ್ಟಿಯಿಂದ ಅದರ ಭಯವಿಲ್ಲ. ಆದರೆ ಒದ್ದೆ ಬಲೆ, ಒದ್ದೆ ಗಿಡ, ಒದ್ದೆ ಸ್ಪಂಜುಗಳ ಜೊತೆ ಬರಬಹುದು.

ನಾನು ಹೆಚ್ಚು ಅಂಜುವುದು ಮೈಕೋಬ್ಯಾಕ್ಟೀರಿಯಂ ಮರೈನಂಗೆ. ಮೀನುಗಳಲ್ಲಿ ಅದು ಕ್ಷಯದಂಥ ರೋಗ ತರುತ್ತದೆ: ಮೀನು ತಿಂದರೂ ಸೊರಗುತ್ತದೆ, ಬೆನ್ನು ಬಾಗುತ್ತದೆ, ಹುಣ್ಣಾಗುತ್ತದೆ. ಕೈಯ ಗಾಯದ ಮೂಲಕ ಮನುಷ್ಯರಿಗೂ ತಗುಲಿ, ವಾರಗಳ ನಂತರ ಮಾಯದ ಗಂಟುಗಳಾಗಿ ಕಾಣಿಸಿಕೊಳ್ಳುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ. ಅಂಥ ಗಂಟು ಕಂಡರೆ ಅಕ್ವೇರಿಯಂ ಇರುವ ಸಂಗತಿಯನ್ನು ವೈದ್ಯರಿಗೆ ತಪ್ಪದೇ ಹೇಳಿ. ತೆಳು ಬ್ಲೀಚಿಗೆ ಈ ಬ್ಯಾಕ್ಟೀರಿಯಾ ಸುಲಭವಾಗಿ ಬಗ್ಗುವುದಿಲ್ಲ, ಶೇ. 70ರ ಆಲ್ಕೊಹಾಲ್ ಹೆಚ್ಚು ಪರಿಣಾಮಕಾರಿ. ಯಾರದೇ ಹಳೆಯ ತೊಟ್ಟಿಯನ್ನು ತೊಳೆಯುವಾಗ ಕೈಗವಸು ಹಾಕಿಕೊಳ್ಳಿ, ಗಾಯವಿದ್ದರೆ ಕೈ ಹಾಕಲೇಬೇಡಿ, ಕೊಳವೆಯನ್ನು ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸ ಬಿಡಿ. ಸೊರಗಿದ ಮೀನುಗಳು ಕಂಡ ಸೆಟ್ಟಿನಲ್ಲಿ ಸ್ಪಂಜು, ಜಲ್ಲಿ, ಬಲೆಗಳನ್ನು ಎಸೆದುಬಿಡಿ. ಅಲ್ಲಿ ಬ್ಯಾಕ್ಟೀರಿಯಾ ಉಳಿಸುವ ಆಸೆ ಬೇಡ.

ಮೀನುಗಳ ಸಮೇತ ಕೊಳ್ಳಬಹುದೇ?

ಅವುಗಳನ್ನು ಸಾಕಲು ನಿಜವಾಗಿ ಮನಸ್ಸಿದ್ದರೆ ಮಾತ್ರ. ಒಂದೊಂದು ಮೀನಿನ ಹೆಸರು ಕೇಳಿ, ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ ಎಂದು ತಿಳಿದುಕೊಳ್ಳಿ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಚಿಕ್ಕ ಪ್ಲೆಕೋ 30 ಸೆಂಟಿಮೀಟರಿಗಿಂತ ಉದ್ದ ಬೆಳೆಯುತ್ತದೆ. ಆಸ್ಕರ್, ಬಾಲಾ ಶಾರ್ಕ್ ಕೂಡ 30 ಸೆಂಟಿಮೀಟರ್ ತಲುಪುತ್ತವೆ. ಗೋಲ್ಡ್‌ಫಿಶ್ 10 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇಂಥವನ್ನು 60 ಸೆಂಟಿಮೀಟರಿನ ತೊಟ್ಟಿಯಲ್ಲಿಟ್ಟು ಮಾರುವವರು ಬಹಳ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಆಮ್ಲೀಯತೆ ಹೆಚ್ಚಿ ಪಿಎಚ್ 6ಕ್ಕಿಂತ ಕೆಳಗಿಳಿದಿರಬಹುದು. ಅಷ್ಟು ಕೆಳಮಟ್ಟದಲ್ಲಿ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಾ ಶೇಖರವಾಗುತ್ತದೆ, ಆದರೆ ಆಮ್ಲೀಯ ನೀರಿನಲ್ಲಿ ಅದು ಅಮೋನಿಯಂ ಎಂಬ ಅಷ್ಟೇನೂ ವಿಷವಲ್ಲದ ರೂಪದಲ್ಲಿರುತ್ತದೆ. ಮೀನುಗಳು ಹೊಂದಿಕೊಂಡು ಬದುಕಿರುತ್ತವೆ. ನೀವು ಒಳ್ಳೆಯ ಉದ್ದೇಶದಿಂದ ಹೊಸ ನೀರು ತುಂಬಿಸುತ್ತೀರಿ, ಪಿಎಚ್ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮರುದಿನ ಮೀನುಗಳು ಸತ್ತು ತೇಲುತ್ತವೆ, ದೂರು ಹೊಸ ನೀರಿನ ಮೇಲೆ ಬರುತ್ತದೆ.

ಆದ್ದರಿಂದ ಹಳೆಯ ತೊಟ್ಟಿಯ ನೀರನ್ನು ಅಲ್ಲಿಯೇ ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಸೊನ್ನೆಯಿರಬೇಕು, ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಹದಗೆಟ್ಟಿದ್ದರೆ ಮಾರುವವರ ಮನೆಯಲ್ಲೇ ವಾರಕಾಲ ದಿನವೂ ಸ್ವಲ್ಪಸ್ವಲ್ಪ ನೀರು ಬದಲಿಸಲು ಕೇಳಿಕೊಳ್ಳಿ. ಆಗದಿದ್ದರೆ ಮೀನುಗಳನ್ನು ಹಳೆಯ ನೀರಿನಲ್ಲಿ ತಂದು, ಬಕೆಟ್ಟಿಗೆ ಅಮೋನಿಯಾವನ್ನು ನಿರ್ವಿಷಗೊಳಿಸುವ ದ್ರಾವಣ ಹಾಕಿ, ಆಮೇಲೆ ಸಣ್ಣ ಕೊಳವೆಯಿಂದ ಹೊಸ ನೀರನ್ನು ಹನಿಹನಿಯಾಗಿ ಬಿಟ್ಟು ಹೊಂದಿಸಿ.

ಸಾಗಿಸುವ ಸರಿಯಾದ ಕ್ರಮ ಯಾವುದು?

ಹಿಂದಿನ ದಿನದಿಂದ ಮೀನುಗಳಿಗೆ ಆಹಾರ ಬೇಡ. ದಾರಿಯಲ್ಲಿ ನೀರು ಕೆಡುವುದು ತಪ್ಪುತ್ತದೆ. ಮೊದಲು ಕಲ್ಲು, ಕೊರಡು, ಗಿಡಗಳನ್ನು ತೆಗೆಯಿರಿ. ಮೇಲಿನ ತಿಳಿನೀರನ್ನು ಮುಚ್ಚಳವಿರುವ ಬಕೆಟ್ಟುಗಳಿಗೆ ತುಂಬಿಸಿಕೊಂಡು, ನೀರು ಮೂರನೆಯ ಒಂದು ಭಾಗಕ್ಕಿಳಿದ ಮೇಲೆ ಮೀನು ಹಿಡಿಯಿರಿ. ತುಂಬಿದ ತೊಟ್ಟಿಯಲ್ಲಿ ಬಲೆ ಹಿಡಿದು ಅಟ್ಟಾಡಿಸಿದರೆ ಅವು ಬೆದರಿ ಗಾಯಗೊಳ್ಳುತ್ತವೆ. ಬಕೆಟ್ಟಿಗೆ ಬ್ಯಾಟರಿಯ ಏರ್ ಪಂಪ್ ಸಿಕ್ಕರೆ ಹಾಕಿ.

ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ. ನಾಲ್ಕು ಬೆರಳು ನೀರಿರಲಿ, ಜಲ್ಲಿ ಇರಲಿ ಎಂದು ಬಿಟ್ಟರೆ ಎತ್ತುವಾಗ ತಳ ಬಾಗಿ ಅಂಟು ಬಿಡುತ್ತದೆ. ಮೇಲಿನ ಚೌಕಟ್ಟನ್ನು ಹಿಡಿದು ಎತ್ತದೆ ಇಬ್ಬರು ಎರಡು ಬದಿಯಿಂದ ತಳಕ್ಕೆ ಕೈಕೊಟ್ಟು ಎತ್ತಿ. ವಾಹನದಲ್ಲಿ ಸಮತಟ್ಟಾದ ಹಲಗೆಯ ಮೇಲೆ, ಕಂಬಳಿ ಹಾಸಿ, ನಿಂತಂತೆಯೇ ಇಡಿ.

ಮನೆಗೆ ತಂದ ಮೇಲೆ ಮೊದಲ ವಾರಗಳಲ್ಲಿ ಏನು ಮಾಡಬೇಕು?

ಜೀವಂತ ಸ್ಪಂಜು ಬಂದಿದ್ದರೆ, ಮೀನುಗಳು ಅವೇ ಆಗಿದ್ದರೆ ತೊಟ್ಟಿ ಬಹುತೇಕ ಅದೇ ದಿನ ಮತ್ತೆ ಶುರುವಾಗುತ್ತದೆ. ಆದರೂ ಎರಡು ವಾರ ಆಹಾರವನ್ನು ಅರ್ಧಕ್ಕಿಳಿಸಿ, ದಿನಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಸ್ವಲ್ಪ ಕಂಡರೂ ಕಾಲು ಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಹೊಸ ಮೀನು ಸೇರಿಸಲು ಒಂದು ತಿಂಗಳಾದರೂ ಕಾಯಿರಿ.

ಒಣಗಿದ ಸೆಟ್ ಆದರೆ ಅದು ಹೊಸ ತೊಟ್ಟಿಯೇ. ಫಿಲ್ಟರ್ ಓಡಿಸಿ, ಬ್ಯಾಕ್ಟೀರಿಯಾಗೆ ಅಮೋನಿಯಾದ ಆಹಾರ ಒದಗಿಸಿ, 4ರಿಂದ 6 ವಾರ ಮೀನಿಲ್ಲದೆ ಕಾಯಬೇಕು. ಆರೋಗ್ಯವಂತ ತೊಟ್ಟಿಯಿರುವ ಗೆಳೆಯರಿದ್ದರೆ ಅವರ ಫಿಲ್ಟರಿನಿಂದ ಅಂಗೈಯಗಲದ ಸ್ಪಂಜು ಕೇಳಿ ಪಡೆಯಿರಿ, ಕಾಯುವ ಕಾಲ ಕಡಿಮೆಯಾಗುತ್ತದೆ.

ಸಮುದ್ರದ ನೀರಿನ ಹಳೆಯ ಸೆಟ್ ಸಿಕ್ಕಿದೆ. ವಿಶೇಷ ಎಚ್ಚರಿಕೆ ಏನಾದರೂ ಇದೆಯೇ?

ಒಂದು ಬಹಳ ಗಂಭೀರವಾದದ್ದಿದೆ. ಹಳೆಯ ಕಲ್ಲುಗಳ ಮೇಲೆ ಗುಂಡಿಗಳಂತೆ ಗುಂಪಾಗಿ ಬೆಳೆಯುವ ಜೋಆಂಥಿಡ್ ಜೀವಿಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವನ್ನು ಹೊಂದಿರುತ್ತವೆ. ಅಂಥ ಕಲ್ಲನ್ನು ಸ್ವಚ್ಛ ಮಾಡಲೆಂದು ಕುದಿಸಿದಾಗ ಎದ್ದ ಆವಿಯನ್ನು ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಘಟನೆಗಳು ನಡೆದಿವೆ. ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ. ಕೈಗವಸು, ಕಣ್ಣಿಗೆ ರಕ್ಷಣೆ ಇಲ್ಲದೆ ಮುಟ್ಟಬೇಡಿ. ಗುರುತು ಸಿಗದಿದ್ದರೆ ಕಲ್ಲುಗಳನ್ನು ಬಿಟ್ಟು ತೊಟ್ಟಿಯನ್ನಷ್ಟೇ ತನ್ನಿ. ತೊಟ್ಟಿಯನ್ನು ಚೆನ್ನಾಗಿ ತೊಳೆದು ಸಿಹಿನೀರಿಗೆ ಬಳಸಲು ಅಡ್ಡಿಯಿಲ್ಲ. ಉಪ್ಪು ತಿಂದ ಲೋಹದ ಭಾಗಗಳನ್ನು ಮಾತ್ರ ಬದಲಿಸಿ.

ಜೊತೆಗೆ ಬಂದ ಕೆಲವು ಮೀನುಗಳು ನನಗೆ ಬೇಡ. ಹತ್ತಿರದ ಕೆರೆಗೆ ಬಿಡಬಹುದೇ?

ಖಂಡಿತ ಬಿಡಬೇಡಿ. ಸಾಕಿದ ಮೀನು ಅಲ್ಲಿ ಸಾಯಬಹುದು. ಸಾಯದಿದ್ದರೆ ಇನ್ನೂ ಕೆಟ್ಟದ್ದು. ಹೀಗೆ ಬಿಟ್ಟ ಪ್ಲೆಕೋಗಳು ಹಲವು ದೇಶಗಳ ಕೆರೆ ನದಿಗಳಲ್ಲಿ ಸಂತಾನ ಬೆಳೆಸಿ, ದಡಗಳಲ್ಲಿ ಬಿಲ ಕೊರೆದು, ಸ್ಥಳೀಯ ಮೀನುಗಳ ಆಹಾರ ಕಸಿದುಕೊಂಡಿವೆ. ಗಿಡ, ಬಸವನಹುಳು, ತೊಟ್ಟಿಯ ಕೊಳಕು ನೀರು ಕೂಡ ಕೆರೆಗೆ, ತೆರೆದ ಚರಂಡಿಗೆ ಹೋಗಬಾರದು. ಬೇಡದ ಮೀನುಗಳನ್ನು ಮರಳಿ ತೆಗೆದುಕೊಳ್ಳುವ ಅಂಗಡಿಗಳಿವೆ, ಸಾಕುವ ಹವ್ಯಾಸಿಗಳಿದ್ದಾರೆ. ಅಂಥವರನ್ನು ತೊಟ್ಟಿ ಕೊಳ್ಳುವ ಮೊದಲೇ ಹುಡುಕಿಟ್ಟುಕೊಳ್ಳಿ. ಯಾರೂ ಸಿಗದಿದ್ದರೆ ಆ ಮೀನುಗಳನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಬೆಲೆ ಮಾತಾಡಿ.